ನಲವತ್ತೊಂಬತ್ತು ಡಿಗ್ರಿ

ನಯನಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಒಂದೇ ಬೆಂಚು, ಈಗ ಮಂಡ್ಯದ ಒಂದೇ ಜನರೇಟರ್ ಅಂಗಡಿಯಲ್ಲಿ ಎದುರುಬದುರು ಮೇಜು. ನಾನು ಹನಕೆರೆಯಿಂದ ರೈಲಿನಲ್ಲಿ ನಿಂತು ಬರುತ್ತೇನೆ. ಅವಳು ಸ್ಕೂಟರಿನಲ್ಲಿ ತಡವಾಗಿ ಬಂದರೂ ಮಾಲೀಕರಾದ ರಾಮಾನುಜ ಸಾರ್ ಅವಳನ್ನೇ ಮೊದಲು ಕರೆಯುತ್ತಾರೆ. ಮಳವಳ್ಳಿಯಲ್ಲಿ ಹೊಸ ಶಾಖೆ ತೆರೆಯುವುದಿತ್ತು. ಅದರ ಉಸ್ತುವಾರಿ ನಮ್ಮಿಬ್ಬರಲ್ಲಿ ಒಬ್ಬಳಿಗೆ. ಯಾರಿಗೆಂದು ಸಾರ್ ಬಾಯಿ ಬಿಟ್ಟಿರಲಿಲ್ಲ.

ಆಗ ಮದ್ದೂರಿನ ಮಾದಯ್ಯನವರ ಕಲ್ಯಾಣ ಮಂಟಪಕ್ಕೆ ಜನರೇಟರ್ ಬೇಕಾಯಿತು. ಆರಿಸುವ ಕೆಲಸ ನಯನಳಿಗೆ, ಕೇಬಲ್ ಅಳೆಯುವ ಕೆಲಸ ನನಗೆ. ಅವಳು ಮಂಗಳೂರಿನಿಂದ ಬಂದ ಹಳೆಯ ಸೆಟ್ಟೊಂದನ್ನು ಆರಿಸಿದಳು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ್ದು, ಐವತ್ತು ಕಿಲೋವ್ಯಾಟಿನದು. ಮಂಟಪಕ್ಕೆ ಬೇಕಾಗಿದ್ದು ನಲವತ್ನಾಲ್ಕು.

"ಮಂಗ್ಳೂರಲ್ಲಿ ಐವತ್ತೂ ಎಳೀತಿತ್ತು ಕಣಮ್ಮಿ," ಅಂದಳು.

ಮಂಗಳೂರಿರುವುದು ಸಮುದ್ರದ ಪಕ್ಕ. ಮದ್ದೂರು ಎರಡು ಸಾವಿರ ಅಡಿಗೂ ಮೇಲೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು. ಗಾಳಿ ಸಾಲದಿದ್ದರೆ ಎಂಜಿನ್ ಅಷ್ಟು ಡೀಸೆಲ್ ಸುಡಲಾರದು. ಅದರಲ್ಲೇ ಮೂರೂವರೆ ಕಿಲೋವ್ಯಾಟ್ ಹೋಯಿತು. ಇಷ್ಟನ್ನು ಅವಳೂ ಲೆಕ್ಕ ಹಾಕಿದ್ದಳು. ಆದರೆ ಬಿಸಿಗಾಳಿಯೂ ತೆಳುವೇ. ಕೇಬಲ್ ಅಳೆಯಲು ಹೋದ ಮಧ್ಯಾಹ್ನ ಆ ತಗಡಿನ ಶೆಡ್ಡಿನಲ್ಲಿ, ಎಂಜಿನ್ ಗಾಳಿ ಎಳೆಯುವ ಜಾಗಕ್ಕೆ, ಥರ್ಮಾಮೀಟರ್ ಹಿಡಿದೆ. ನಲವತ್ತೊಂಬತ್ತು ಡಿಗ್ರಿ. ಇನ್ನೂ ಮೂರ್ನಾಲ್ಕು ಕಿಲೋವ್ಯಾಟ್ ಖೋತಾ. ಉಳಿಯುವುದು ನಲವತ್ಮೂರರ ಆಸುಪಾಸು, ಮಂಟಪಕ್ಕೆ ಸಾಲದು. ಫೋನಿನಲ್ಲಿ ಬರೆದುಕೊಂಡೆ. ಯಾರಿಗೂ ಹೇಳಲಿಲ್ಲ.

ಸೋಮವಾರ ಏಳೂವರೆಗೆ ರಾಹುಕಾಲ ಅಂತ ಮಾದಯ್ಯ ಬೆಳಿಗ್ಗೆ ಆರಕ್ಕೇ ಪೂಜೆ ಇಡಿಸಿದರು. ಜನರೇಟರಿಗೆ ಕುಂಕುಮ, ಹೂವು, ಒಡೆದ ಕಾಯಿ. ಹಾಗೆಯೇ ಎಲ್ಲ ಎಸಿ, ಲಿಫ್ಟು ಹಾಕಿ ಒಂದು ಗಂಟೆ ಪರೀಕ್ಷೆ ಓಟ. ಬೆಳಗಿನ ತಂಪಿನಲ್ಲಿ ಅದು ಒಂದೇ ಸಮನೆ ಓಡಿತು. ನಯನ ವರದಿಗೆ ಸಹಿ ಹಾಕಿದಳು. "ಭೇಷ್," ಅಂದರು ಸಾರ್. ಮಧ್ಯಾಹ್ನ ಒಮ್ಮೆ ಓಡಿಸಿ ನೋಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಕೊಬ್ಬರಿ ಚೂರು ತಿಂದೆ.

ಏಪ್ರಿಲ್‌ನಲ್ಲಿ ಮದುವೆಯೊಂದರ ಊಟದ ಹೊತ್ತಿಗೆ ಕರೆಂಟು ಹೋಯಿತು. ಫೋನು ಬಂತು. ನಯನಳ ಸ್ಕೂಟರಿನ ಹಿಂದೆ ಕೂತು ಹೊರಟಾಗ ನನಗೆ ಹಾಲು ಕುಡಿದಷ್ಟು ಸಂತೋಷ.

ಶೆಡ್ಡಿನ ತುಂಬ ಕಪ್ಪು ಹೊಗೆ. "ಏನವ್ವಾ ಇದು, ಮುದಿ ಎಮ್ಮೆ ಕೆಮ್ದಂಗ್ ಕೆಮ್ತದೆ!" ಮಾದಯ್ಯ ಕೂಗಾಡಿದರು. "ಬೀಗ್ರು ಬೆವ್ತು ಸಾಯ್ತಾವ್ರೆ!"

ನಯನ ಗಾಳಿ ಎಳೆಯುವ ಕಡೆ ಅಂಗೈ ಹಿಡಿದಳು. ಅವಳಿಗೆ ಅಷ್ಟೇ ಸಾಕಾಯಿತು. ಎರಡು ಎಸಿ ಆಫ್ ಮಾಡಿದಳು. ಎಂಜಿನ್ ದಾರಿಗೆ ಬಂತು. ಹೊರಗಿನ ಗಾಳಿ ಬರಲೆಂದು ಸ್ಪ್ಯಾನರ್ ತೆಗೆದು ಗೋಡೆಯ ತಗಡು ಬಿಚ್ಚತೊಡಗಿದಳು.

"ಸಾಖ ಜಾಸ್ತಿ ಆಗೈತೆ," ಅಂದಳು.

"ಈ ಯಮ್ಮ ಅವತ್ತೇ ಬಂದು ಸಾಖ ಅಳ್ಕಂಡ್ ಓದ್ಲಲ್ಲಾ!" ಮಾದಯ್ಯ ನನ್ನ ಕಡೆ ಕೈ ತೋರಿಸಿ, ಬೀಗರನ್ನು ಸಮಾಧಾನ ಮಾಡಲು ಒಳಗೆ ಹೋದರು.

ನಯನ ತಿರುಗಿ ನೋಡಿದಳು. "ಎಷ್ಟಿತ್ತು?"

"ನಲವತ್ತೊಂಬತ್ತು."

"ಒಟ್ಟೆಕಿಚ್ಚಾ?"

"ಊಂ."

ಅವಳು ಬಯ್ಯಲಿಲ್ಲ. "ತಗಡು ಇಡ್ಕೊ," ಅಂದಳು. ಹಿಡಿದೆ. ಕೊನೆಯ ಬೋಲ್ಟು ಬಿಚ್ಚಿದ ಮೇಲೆ ಕೈ ಒರೆಸಿಕೊಳ್ಳುತ್ತ ಹೇಳಿದಳು: "ನಾಳೆ ಸಾರ್‌ಗೆ ನೀನೇ ಏಳು, ಮಳವಳ್ಳಿ ನಂಗ್ ಬ್ಯಾಡ ಅಂತ. ಇಲ್ಲಾಂದ್ರೆ ನೀನ್ ಅಳ್ದಿದ್ನ ನಾನ್ ಏಳ್ತೀನಿ."

ಮಾರನೆಯ ದಿನ ಹೇಳಿದೆ. ಹನಕೆರೆಯಿಂದ ಬಸ್ಸು ಸರಿಯಿಲ್ಲ ಎಂಬ ನೆಪ ಕೊಟ್ಟೆ.

ಸಾರ್ ಕನ್ನಡಕ ತೆಗೆದರು. "ಅಯ್ಯೋ, ಮದ್ದೂರಲ್ಲಿ ಅವಳು ಎಡವಿದ ಮೇಲೆ ನಿನಗೇ ಕೊಡೋಣ ಅಂತಿದ್ದೆನಲ್ಲಮ್ಮ."

ಎದುರಿನ ಮೇಜಿನಲ್ಲಿ ನಯನ ತಲೆ ಎತ್ತಲಿಲ್ಲ. ಸಾರ್ ಹೀಗೇ ಯೋಚಿಸುತ್ತಾರೆಂದು ಅವಳು ಆ ಸೆಕೆಯಲ್ಲಿ, ಒಂದು ತಗಡು ಬಿಚ್ಚುವಷ್ಟರಲ್ಲಿ ಲೆಕ್ಕ ಹಾಕಿದ್ದಳು. ಮಳವಳ್ಳಿ ಕೈತಪ್ಪಿ ಹೋದದ್ದಕ್ಕಿಂತ, ಅಂಥ ತಲೆ ನನಗಿಲ್ಲವಲ್ಲ ಎಂದೇ ಹೆಚ್ಚು ಹೊಟ್ಟೆ ಉರಿಯಿತು.