ಮಂಜಿನಲ್ಲಿ ನಿಂತ ಜೀಪು

ಲಿಂಗದಹಳ್ಳಿಯ ಷಣ್ಮುಖಪ್ಪ ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತದ ಕಡೆಗೆ ಪ್ರವಾಸಿಗರನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದ. ಕಲ್ಲು, ಹಳ್ಳ, ಕಡಿದಾದ ತಿರುವುಗಳ ದಾರಿ. ಐವತ್ತು ದಾಟಿದ ವರ್ಷ ಲೈಸೆನ್ಸಿಗೆಂದು ತರೀಕೆರೆಯಲ್ಲಿ ಪರೀಕ್ಷೆ ಮಾಡಿಸಿದಾಗ, ಬಿಪಿ ನೂರ ಎಪ್ಪತ್ತರ ಮೇಲಿದೆ ಎಂದು ಮಾತ್ರೆ ಬರೆದುಕೊಟ್ಟರು. ಅವನಿಗೆ ತಲೆನೋವಿರಲಿಲ್ಲ, ಸುಸ್ತಿರಲಿಲ್ಲ. ತನಗೇ ತಿಳಿಯದಂತೆ ಒಳಗೆ ಏನೋ ಇಷ್ಟು ಏರಿ ಕೂತಿತ್ತಲ್ಲ ಎಂಬ ಯೋಚನೆ ಅವನನ್ನು ಹಿಡಿದುಕೊಂಡಿತು.

ಅಲ್ಲಿಂದಾಚೆ ಅವನು ತನ್ನ ಎದೆಗೆ ಕಿವಿಗೊಟ್ಟೇ ಬದುಕತೊಡಗಿದ. ಮಧ್ಯಾಹ್ನ ಮಲಗಿದರೆ ದಿಂಬಿನೊಳಗಿಂದ, ದೂರದ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿರುವಂತೆ ಸದ್ದು ಬರುತ್ತಿತ್ತು. ಎಚ್ಚರವೋ ಜೊಂಪೋ ತಿಳಿಯದ ಹೊತ್ತಿನಲ್ಲಿ ಆ ಸದ್ದು ನಿಂತಂತಾಗಿ ಧಡಕ್ಕನೆ ಎದ್ದು ಕೂರುತ್ತಿದ್ದ. ಕಡೂರಿನಿಂದ ಬಿಪಿ ನೋಡುವ ಮಿಷನ್ ತಂದ. ಪಟ್ಟಿ ತೋಳನ್ನು ಬಿಗಿಯುವಾಗಲೇ ಎದೆ ಓಡುತ್ತಿತ್ತು. ಅಂಕಿ ಜಾಸ್ತಿ ಬರುತ್ತಿತ್ತು. ಹೆದರಿ ಮತ್ತೆ ಕಟ್ಟಿದರೆ ಇನ್ನೂ ಜಾಸ್ತಿ.

"ಸ್ವಲ್ಪ ಸುಮ್ನೆ ಕೂತ್ಕೊಂಡು ಆಮೇಲೆ ನೋಡ್ರೀ," ಎನ್ನುತ್ತಿದ್ದಳು ಹೆಂಡತಿ ಕೋಮಲಾ.

"ಸುಮ್ನೆ ಕೂತ್ರೇ ಕಣೇ ಜಾಸ್ತಿ ಕೇಳ್ಸೋದು."

ಶ್ರಾವಣದ ಒಂದು ಬೆಳಿಗ್ಗೆ ಅಜ್ಜಂಪುರದ ದಂಪತಿ ಅವನ ಜೀಪು ಹತ್ತಿದರು. ದೇವೀರಪ್ಪ ಎಂಬ ಈರುಳ್ಳಿ ವ್ಯಾಪಾರಿ, ಅವರ ಹೆಂಡತಿ ಮಲ್ಲಿಕಾಂಬ. ಹಾದಿ ಇಳಿಯುತ್ತಿದ್ದಂತೆ ಮಂಜು ಕವಿಯಿತು. ಮರಗಳು ಒಂದೊಂದಾಗಿ ಅಳಿಸಿಹೋದವು. ಜೀಪಿನ ಮುಂದೆ ಎರಡು ಮಾರು ಕೆಂಪು ಮಣ್ಣು ಬಿಟ್ಟರೆ ಲೋಕವೇ ಇರಲಿಲ್ಲ.

ಷಣ್ಮುಖಪ್ಪನ ಬೆರಳುಗಳು ಜೋಮು ಹಿಡಿದವು. ಉಸಿರು ಗಂಟಲಲ್ಲೇ ತಿರುಗಿ ಹೋಗುತ್ತಿತ್ತು. ದೇವೀರಪ್ಪನವರು ಏನೋ ಕೇಳುತ್ತಿದ್ದರು. ಆ ಮಾತು ನೀರಿನಡಿಯಿಂದ ಬಂದಂತಿತ್ತು. ಸ್ಟೀರಿಂಗ್ ಹಿಡಿದಿದ್ದ ಕೈ ಬೇರೆ ಯಾರದೋ ಅನ್ನಿಸಿತು. ಈ ಇಬ್ಬರನ್ನೂ ಪ್ರಪಾತಕ್ಕೆ ಕೆಡವಿಬಿಡುತ್ತೇನೆ ಎಂದುಕೊಂಡವನೇ ಜೀಪನ್ನು ಬೆಟ್ಟದ ಬದಿಗೆ ಒತ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದ.

"ಅಮ್ಮಾ, ನಂಗೆ ಆಗ್ತಿಲ್ಲ. ಸತ್ತೋಗ್ತೀನಿ ಅನ್ಸ್ತೈತೆ."

ಮಲ್ಲಿಕಾಂಬ ಇಳಿದು ಬಂದು ಅವನನ್ನು ಕೆಳಗೆ ಕೂರಿಸಿದರು. ದೇವೀರಪ್ಪನವರು ಅವನ ಅಂಗಿಯ ಗುಂಡಿ ಬಿಚ್ಚಿದರು.

"ಉಸುರನ್ನ ನಿಧಾನವಾಗಿ ಬಿಡಪ್ಪ. ಎಳ್ಕೊಳೋದಲ್ಲ, ಬಿಡೋದು ನಿಧಾನ," ಎಂದರು ಮಲ್ಲಿಕಾಂಬ. "ನಂಗೂ ಹಿಂಗಾಗ್ತಿತ್ತು. ಬಿಪಿನೂ ಐತೆ, ಭಯಾನೂ ಇತ್ತು. ಆದ್ರೆ ನಿಂದು ಅದೇ ಅಂತ ನಾನು ಹೇಳಕಾಗಲ್ಲ. ಎದೆ ವಿಷ್ಯ. ಈಗ್ಲೇ ಆಸ್ಪತ್ರೆಗೆ ಹೋಗೋಣ."

"ನೀವು ಫಾಲ್ಸ್ ನೋಡ್ಬೇಕಿತ್ತು…"

"ಅದೆಲ್ಲಿಗೂ ಹೋಗಲ್ಲ ಬಿಡಪ್ಪ," ಎಂದರು ದೇವೀರಪ್ಪ.

ಮಂಜಿನೊಳಗಿಂದ ಮೊದಲು ಸದ್ದು, ಆಮೇಲೆ ಎರಡು ಹಳದಿ ದೀಪ ಮೇಲಕ್ಕೆ ಬಂದವು. ಅದೇ ದಾರಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಮೋಹನನ ಜೀಪು ಖಾಲಿಯಾಗಿ ಹಿಂತಿರುಗುತ್ತಿತ್ತು. ಮೂವರನ್ನೂ ಹತ್ತಿಸಿಕೊಂಡು ಮೋಹನ ನೇರ ತರೀಕೆರೆಗೆ ಹೊಡೆದ. ಷಣ್ಮುಖಪ್ಪ ಹಿಂತಿರುಗಿ ನೋಡಿದಾಗ ಅವನ ಜೀಪು ಬಿಳುಪಿನಲ್ಲಿ ಕರಗುತ್ತಿತ್ತು.

ಆಸ್ಪತ್ರೆಗೆ ಕೋಮಲಾ ಓಡಿಬಂದಳು. ಡಾಕ್ಟರ್ ಹೇಮಶ್ರೀ ಇಸಿಜಿ, ರಕ್ತ ಎಲ್ಲ ನೋಡಿ, "ಹೃದಯಾಘಾತ ಅಲ್ಲ. ಆದ್ರೆ ಬಿಪಿ ಜಾಸ್ತಿ ಇದೆ. ಮಾತ್ರೆ ತಗೋತಿದೀರಾ?" ಎಂದು ಕೇಳಿದರು.

"ಒಂದಿನ ತಗೊಂಡ್ರೆ ಎರಡು ದಿನ ಬಿಡ್ತಾರೆ ಮೇಡಂ," ಎಂದಳು ಕೋಮಲಾ.

"ಮಾತ್ರೆ ನುಂಗಿದ್ರೆ ಎದೆ ನಿಂತೋಗ್ತದೇನೋ ಅಂತ ಭಯ," ಎಂದ ಷಣ್ಮುಖಪ್ಪ. ಹಾಗೆಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳುತ್ತಲೇ ಕಣ್ಣು ತುಂಬಿತು.

ಡಾಕ್ಟರ್ ನಗಲಿಲ್ಲ. "ನಿಮಗೆ ಎರಡು ತೊಂದರೆ ಇದೆ. ಬಿಪಿಗೆ ಮಾತ್ರೆ ದಿನಾ ಬೇಕು, ನನ್ನನ್ನ ಕೇಳದೆ ಬಿಡೋ ಹಾಗಿಲ್ಲ. ಭಯಕ್ಕೂ ಚಿಕಿತ್ಸೆ ಇದೆ. ಇಲ್ಲಿಗೆ ವಾರಕ್ಕೊಮ್ಮೆ ಮನೋವೈದ್ಯರು ಬರ್ತಾರೆ, ಅವರನ್ನ ನೋಡಿ. ಎರಡೂ ಹಿಡಿತಕ್ಕೆ ಬರೋವರೆಗೆ ಜೀಪು ಓಡಿಸ್ಬೇಡಿ."

"ನಾನೇನು ಹುಚ್ಚನಾ ಮೇಡಂ?"

"ಹೆದರಿರೋರನ್ನ ಹುಚ್ಚರು ಅಂತ ಯಾರೂ ಅನ್ನಲ್ಲ."

ಆ ಮಳೆಗಾಲ ಷಣ್ಮುಖಪ್ಪ ಮನೆಯಲ್ಲೇ ಕಳೆದ. ಮಿಷನ್ ಕೋಮಲಾಳ ಬೀರು ಸೇರಿತು. ಡಾಕ್ಟರ್ ಹೇಳಿದ ದಿನ ಮಾತ್ರ, ಬೆಳಿಗ್ಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತ ಮೇಲೆ ಹೊರಬರುತ್ತಿತ್ತು. ಮೊದಮೊದಲು ಅದಕ್ಕಾಗಿ ಜಗಳವಾಡಿದ. ಒಂದು ದಿನ ಬೀರುವಿನ ಬೀಗದ ಕೈ ಹುಡುಕಿ ಸಿಕ್ಕಿಬಿದ್ದು, ಮಗುವಿನಂತೆ ತಲೆತಗ್ಗಿಸಿ ನಿಂತ. ಕೋಮಲಾ ಬೈಯಲಿಲ್ಲ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದಳು. ಸಂಜೆ ಅವನ ಜೊತೆ ಕೆರೆ ಏರಿಯ ಮೇಲೆ ನಡೆದಳು. ಮನೋವೈದ್ಯರು ಅವನಿಗೊಂದು ವಿಚಿತ್ರ ಕೆಲಸ ಕೊಟ್ಟಿದ್ದರು: ಭಯ ಬಂದಾಗ ಅದನ್ನು ಓಡಿಸಬೇಡಿ, ಅದು ಬಂದು ಹೋಗುವವರೆಗೆ ನೋಡಿ.

ಅವನು ನೋಡಿದ. ಅದು ಮಂಜಿನಂತೆಯೇ ಬರುತ್ತಿತ್ತು, ಕಾಲಿನಿಂದ ಮೇಲಕ್ಕೆ. ಕೆರೆಯ ನೀರು, ಬೆಳ್ಳಕ್ಕಿ, ಪಕ್ಕದ ಕೋಮಲಾ ಎಲ್ಲ ಒಂದು ಗಳಿಗೆ ದೂರ ಸರಿಯುತ್ತಿದ್ದವು. ಆಮೇಲೆ ಒಂದೊಂದೇ ತಮ್ಮ ಜಾಗಕ್ಕೆ ಮರಳುತ್ತಿದ್ದವು. ಕೆಲವು ಸಂಜೆ ಅದು ಬರುವುದನ್ನೇ ಮರೆಯಿತು.

ದೀಪಾವಳಿ ಕಳೆದು ಬಿಪಿ ಸತತವಾಗಿ ನೂರ ಮೂವತ್ತರ ಆಸುಪಾಸಿನಲ್ಲಿ ನಿಂತಾಗ, ಡಾಕ್ಟರ್ ಜೀಪಿಗೆ ಒಪ್ಪಿಗೆ ಕೊಟ್ಟರು. ಮಾತ್ರೆ ಮಾತ್ರ ನಿಲ್ಲುವುದಿಲ್ಲ ಎಂದರು. ಮೊದಲ ದಿನ ಷಣ್ಮುಖಪ್ಪ ಪ್ರವಾಸಿಗರನ್ನು ಹತ್ತಿಸಲಿಲ್ಲ, ಕೋಮಲಾಳನ್ನು ಕರೆದೊಯ್ದ. ಮದುವೆಯಾಗಿ ಇಷ್ಟು ಕಾಲವಾದರೂ ಅವಳು ಹೆಬ್ಬೆ ನೋಡಿರಲಿಲ್ಲ.

ಜೀಪು ನಿಲ್ಲಿಸಿ ಕಾಲುದಾರಿಯಲ್ಲಿ ಇಳಿಯುವಾಗ ಅವನು ತಡೆದು ನಿಂತ. ಮರಗಳ ಸಂದಿಯಿಂದ ಬಿಸಿಲು ಹೊಗೆಯಂತೆ ಇಳಿಯುತ್ತಿತ್ತು. ಎಲ್ಲೋ ನೀರು ಬೀಳುವ ಸದ್ದು.

"ಏನಾಯ್ತ್ರೀ?"

"ಎದೆ ಹೊಡ್ಕೊಳ್ತೈತೆ."

"ಕೂತ್ಕೊಳೋಣ್ವಾ?"

ಅವನು ಸ್ವಲ್ಪ ಹೊತ್ತು ತನ್ನೊಳಗೇ ಕೇಳಿಸಿಕೊಂಡ. ನೀರಿನ ಸದ್ದು ಅದಕ್ಕಿಂತ ದೊಡ್ಡದಾಗಿತ್ತು.

"ಬ್ಯಾಡ. ಹೊಡ್ಕೊಳ್ಲಿ ಬಿಡು," ಎಂದ. "ಕಲ್ಲು ಜಾರ್ತವೆ, ಕೈ ಕೊಡು."

ಕೋಮಲಾ ಸೀರೆಯ ನೆರಿಗೆ ಎತ್ತಿಕಟ್ಟಿ, ಅವನ ಕೈ ಹಿಡಿದು ಇಳಿದಳು.