ಮಲ್ಲಕ್ಕನ ನಾಲಿಗೆಯ ಅಡಿ

ಇದನ್ನು ಹೇಳಲು ಹೊರಟದ್ದೇ ತಪ್ಪೇನೋ, ಓದುವವರು ಕ್ಷಮಿಸಬೇಕು. ಶಿವಕುಮಾರಿಯಷ್ಟು ಜೀವ ತೇದು ದುಡಿಯುವ ನರ್ಸ್ ಮುಂಬೈಯ ಘಾಟ್ಕೋಪರಿನ ಆ ಮನೋರೋಗದ ಆಸ್ಪತ್ರೆಯಲ್ಲಿ ಇನ್ನೊಬ್ಬಳಿರಲಿಲ್ಲ. ಆದರೂ ತಪ್ಪು ಅವಳಿಂದಲೇ ಆಯಿತು.

ಖಿನ್ನತೆಯ ಗುಳಿಗೆ ಕೊಟ್ಟ ಮೇಲೆ ರೋಗಿ ಬಾಯಿ ತೆರೆದು ನಾಲಿಗೆ ಎತ್ತಬೇಕು, ನರ್ಸ್ ಟಾರ್ಚ್ ಬಿಟ್ಟು ನೋಡಬೇಕು. ಕೆಲವರು ನುಂಗದೆ ಕೂಡಿಡುತ್ತಾರೆ, ಒಂದು ದಿನ ಎಲ್ಲವನ್ನೂ ಒಟ್ಟಿಗೆ ನುಂಗಲು. ಉಳಿದವರಿಗೆಲ್ಲ "ಮುಂಹ್ ಖೋಲೋ", ಬಾಯಿ ತೆರೆ, ಎಂದು ಹಿಂದಿಯಲ್ಲಿ ಹೇಳಲು ಅವಳಿಗೆ ಸಂಕೋಚವಿರಲಿಲ್ಲ. ಮಲ್ಲಕ್ಕ ಮಾತ್ರ ವಿಜಯಪುರದ ಕಡೆಯವಳು, ತನ್ನದೇ ಮಾತಿನವಳು, ತಾಯಿಯ ವಯಸ್ಸಿನವಳು. ಬಂದ ದಿನವೇ ಕೇಳಿದ್ದಳು, "ನಾ ಏನ ಎತ್ತ ಏನವಾ, ಹಲ್ಲ ನೋಡಿ ಕೊಳ್ಳಾಕ?"

ಶಿವಕುಮಾರಿಗೆ ನಾಚಿಕೆಯಾಯಿತು. "ಇರಲಿ ಬಿಡ್ರಿ ಅವ್ವಾರ," ಎಂದು ಟಾರ್ಚನ್ನು ಜೇಬಿಗಿಟ್ಟಳು. ಆಮೇಲೆ ಹದಿನಾಲ್ಕು ದಿನ ನೋಡಲೇ ಇಲ್ಲ. ಚಾರ್ಟಿನಲ್ಲಿ ಮಾತ್ರ ನುಂಗಿದ್ದಾರೆ ಎಂದು ಸಹಿ ಹಾಕುತ್ತಿದ್ದಳು.

ಮಲ್ಲಕ್ಕ ನಗುನಗುತ್ತ ಮನೆಗೆ ಹೋದಳು. ಅವಳು ಮಲಗಿದ್ದ ಹಾಸಿಗೆ ಮಗುಚುವಾಗ ಶಿವಕುಮಾರಿಗೆ ಹೊಲಿಗೆ ಬಿಟ್ಟ ಮೂಲೆಯಲ್ಲಿ ಒಂಬತ್ತು ಗುಳಿಗೆ ಸಿಕ್ಕವು, ಅಂಚು ಕರಗಿ ಒಣಗಿದಂಥವು. ಬಚ್ಚಲಿಗೆ ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಅನ್ನಿಸಿತು ಕೂಡ. ಆದರೆ ದಿನಕ್ಕೊಂದರಂತೆ ಕೊಟ್ಟದ್ದು ಹದಿನಾಲ್ಕು. ಅಂಗೈಯಲ್ಲಿ ಹಿಡಿದು ಹಿರಿಯ ನರ್ಸ್ ಪಂಕಜಾ ಅವರ ಮುಂದೆ ನಿಂತಳು.

"ಉಳಿದ ಐದೆಲ್ಲಿ?"

"ಗೊತ್ತಿಲ್ರಿ ಸಿಸ್ಟರ್. ಒಂದಿನಾನೂ ಬಾಯಿ ನೋಡಿಲ್ಲ."

"ಅವ್ವಾರ ಅವ್ವಾರ ಅಂತಿದ್ದೆಯಲ್ಲ, ಅವ್ವನ್ನ ನೋಡ್ಕೊಳ್ಳೋ ರೀತಿನಾ ಇದು?" ಎನ್ನುತ್ತಲೇ ಪಂಕಜಾ ಡಾಕ್ಟರಿಗೆ ಫೋನ್ ಹಚ್ಚಿದರು.

ಹೆಂಡತಿಯನ್ನು ಒಬ್ಬಳೇ ಬಿಡಬೇಡ, ಗುಳಿಗೆಗಳನ್ನು ನೀನೇ ಇಟ್ಟುಕೋ, ನಾಳೆಯೇ ಕರೆದುಕೊಂಡು ಬಾ ಎಂದು ಡಾಕ್ಟರು ಮಲ್ಲಕ್ಕನ ಗಂಡ ಧರ್ಮಣ್ಣನಿಗೆ ಫೋನಿನಲ್ಲಿ ಹೇಳಿದರು. "ಆಕಿ ನಕ್ಕೊಂತ ಅದಾಳ್ರೀ," ಎಂದನಂತೆ ಅವನು. ಶಿವಕುಮಾರಿಗೆ ಆ ನಗುವೇ ಭಯ ಹುಟ್ಟಿಸಿತು; ಸಾಯಲು ನಿರ್ಧರಿಸಿದವರು ಒಮ್ಮೊಮ್ಮೆ ಹೀಗೇ ಹಗುರಾಗುವುದನ್ನು ಅವಳು ಕಂಡಿದ್ದಳು.

ಡ್ಯೂಟಿ ಮುಗಿದದ್ದೇ ಅವಳು ಮೆಟ್ರೋ ಹಿಡಿದಳು, ಅಂಧೇರಿಯಿಂದ ಲೋಕಲ್ ರೈಲು, ಕೊನೆಗೆ ಜೋಗೇಶ್ವರಿಯಲ್ಲಿ ಮಲ್ಲಕ್ಕನ ಮನೆಯಿದ್ದ ಚಾಳು. ಮಲ್ಲಕ್ಕ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಧರ್ಮಣ್ಣ ಪಕ್ಕದಲ್ಲೇ ಇದ್ದ.

"ಎತ್ತಿನ ಹಲ್ಲ ನೋಡಾಕ ಬಂದಿ ಏನ?"

"ಹೌದ್ರಿ ಅವ್ವಾರ. ಅವತ್ತ ನೋಡಬೇಕಿತ್ತು, ನಂದ ತಪ್ಪು. ಐದು ಗುಳಿಗಿ ಎಲ್ಲಿ ಅದಾವ್ರಿ?" ಶಿವಕುಮಾರಿ ಎದುರಿಗೆ ಕೂತಳು. "ಸಾಯಬೇಕು ಅನಸ್ತದೇನ್ರಿ ನಿಮಗ?"

ಮಲ್ಲಕ್ಕನ ಕೈ ನಿಂತಿತು. "ಹದಿನಾಕ ದಿನ ಆತು. ಈಗ ಕೇಳ್ತಿ ನೋಡು," ಎಂದಳು. ಆಮೇಲೆ ತಾನಾಗಿಯೇ ಬಾಯಿ ತೆರೆದು ನಾಲಿಗೆ ಎತ್ತಿದಳು. ಅಲ್ಲಿ ಏನೂ ಇರಲಿಲ್ಲ.

ಮರುದಿನ ಮಲ್ಲಕ್ಕ ಮತ್ತೆ ವಾರ್ಡಿಗೆ ದಾಖಲಾದಳು. ಈಗ ಶಿವಕುಮಾರಿ ದಿನಾ ಟಾರ್ಚ್ ಬಿಟ್ಟು ನೋಡುತ್ತಾಳೆ, ಸಾಯಬೇಕು ಅನಸ್ತದೇನ್ರಿ ಎಂದು ದಿನಾ ಕೇಳುತ್ತಾಳೆ. ಆ ಐದನ್ನು ಮಲ್ಲಕ್ಕ ನುಂಗಿದ್ದಳೋ, ಎಸೆದಿದ್ದಳೋ, ಎಲ್ಲಾದರೂ ಇನ್ನೂ ಇಟ್ಟಿದ್ದಾಳೋ, ಗೊತ್ತಿಲ್ಲ.