ಹಳೆಯ ಅಳತೆಗೆ ಹೊಲಿದ ಅಂಗಿ

ಆ ಬೀದಿಯ ದರ್ಜಿಯನ್ನು ಎಲ್ಲರೂ ಕರೆಯುವುದು ಸೂಜಿಯಕ್ಕ ಎಂದು. ಕೈಯಲ್ಲಿ ಸೂಜಿ ಇರುವುದಕ್ಕಲ್ಲ, ನಾಲಿಗೆಯಲ್ಲಿ ಇರುವುದಕ್ಕೆ. ಆಕೆಯ ಹೊಲಿಗೆ ಯಂತ್ರದ ಎದುರಿಗೆ ಒಂದು ಬೆಂಚಿದೆ. ಮೊದಲೆಲ್ಲ ಅಳತೆ ಕೊಡಲು ಬಂದವರು ಅಲ್ಲಿ ಕೂತು, ಅತ್ತೆಯ ಮೇಲೆ ನಾಲ್ಕು ದೂರು ಹೇಳದೆ ಎದ್ದು ಹೋದದ್ದೇ ಇಲ್ಲ. ಈಗ ಬೆಂಚಿನ ಮೇಲೆ ಬಟ್ಟೆಯ ಗಂಟು ಕೂತಿದೆ. ಮಾತೆಲ್ಲ ಫೋನಿನಲ್ಲಿ. ನೂಲಿನ ಡಬ್ಬಕ್ಕೆ ಒರಗಿಸಿಟ್ಟ ಫೋನ್ ಟಿಣ್ ಎಂದರೆ ಸಾಕು, ಯಂತ್ರ ತುಳಿಯುವ ಕಾಲು ನಿಂತುಬಿಡುತ್ತದೆ.

ಎರಡು ಬೀದಿ ದಾಟಿದರೆ ತಂಗಿಯ ಮನೆ. ಅವಳು ಕೆಲಸ ಮಾಡುತ್ತಿದ್ದ ನೂಲಿನ ಗಿರಣಿ ಮುಚ್ಚಿ ವರ್ಷವಾಗುತ್ತ ಬಂತು. ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಬರುವವನು. ಮೊದಲು ಪ್ರತಿ ಭಾನುವಾರ ಅಕ್ಕ ತಂಗಿ ಕೂಡುತ್ತಿದ್ದರು. ತಂಗಿ ದಿನಾ ನಗುಮುಖದ ಫೋಟೊ ಹಾಕಲು ಶುರು ಮಾಡಿದ ಮೇಲೆ ಅದೂ ನಿಂತಿತು. ದಿನಾ ಕಾಣುವ ಮುಖ ನೋಡಲು ಚಪ್ಪಲಿ ಯಾಕೆ ಸವೆಸಬೇಕು?

ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಸಮವಸ್ತ್ರ ಹೊಲಿಸಲು ಬಂದಳು. ಬಟ್ಟೆಯ ಗಂಟನ್ನು ತಾನೇ ಕೆಳಗಿಟ್ಟು ಬೆಂಚಿನ ಮೇಲೆ ಕೂತು, ಇಡೀ ದಿನ ಫೋನ್ ನೋಡಿಕೊಂಡು ಒಳಗೊಳಗೇ ಕುಗ್ಗಿ ಹೋದವರನ್ನು ಈಚೆಗೆ ಹೆಚ್ಚು ನೋಡುತ್ತಿದ್ದೇನೆ ಎಂದಳು. ಸೂಜಿಯಕ್ಕನಿಗೆ ನಗು ಬಂತು.

“ಫೋನ್ ಇದ್ಮೇಲೆ ಒಂಟಿತನ ಎಲ್ಲಿಂದ ಬರ್ಬೇಕು ನರ್ಸಮ್ಮ? ನಾನೂ ನನ್ನ ತಂಗೀನೂ ದಿನಕ್ಕೆ ಹತ್ತು ಸಲ ಮಾತಾಡ್ತೀವಿ. ನೋಡಿ, ಇವತ್ತು ಬೆಳಿಗ್ಗೆ ಹಾಕಿದ್ದು.”

“ಇದು ಮುಖ ಆಯ್ತು. ಆಳನ್ನ ನೋಡಿ ಎಷ್ಟು ದಿನ ಆಯ್ತು?”

ಸೂಜಿಯಕ್ಕ ಮನಸ್ಸಿನಲ್ಲೇ ಎಣಿಸಿದಳು. ಎಂಟು ತಿಂಗಳು. “ಕೈ ಎತ್ತಿ, ತೋಳಿನ ಅಳತೆ ತಗೋಬೇಕು” ಎಂದಳು.

ಮುಂದಿನ ವಾರ ತಂಗಿಯ ಹುಟ್ಟುಹಬ್ಬ. ನರ್ಸಮ್ಮನ ಮಾತು ಎಲ್ಲೋ ಚುಚ್ಚಿತ್ತು. ಸೂಜಿಯಕ್ಕ ಒಳ್ಳೆಯ ನೀಲಿ ಬಟ್ಟೆ ತೆಗೆದು ಅಂಗಿ ಹೊಲಿಯಲು ಕೂತಳು. ಅಳತೆ ಪುಸ್ತಕದಲ್ಲಿ ತಂಗಿಯ ಪುಟ ಹುಡುಕಿ, ಅದರಂತೆಯೇ ಕತ್ತರಿಸಿದಳು. ಹಳೇ ಅಳತೆಗೆ ಹೊಲಿಯೋದಿಲ್ಲ, ಎದುರಿಗೆ ಬಂದು ನಿಲ್ಲಿ ಎಂದು ಗಿರಾಕಿಗಳ ಮೇಲೆ ಹರಿಹಾಯುವವಳು ಒಡಹುಟ್ಟಿದವಳ ವಿಷಯದಲ್ಲಿ ಆ ಮಾತನ್ನೇ ಮರೆತಳು. ಬಸ್ಸು ಓಡಿಸುವ ಸೂಜಿಯಕ್ಕನ ಗಂಡ ಕೆಲಸಕ್ಕೆ ಹೋಗುವ ಅವಸರದಲ್ಲಿ ಅಂಗಿಯ ಚೀಲವನ್ನು ನಾದಿನಿಯ ಬಾಗಿಲಿಗೆ ತಗುಲಿಸಿ ನಡೆದ.

ಮಧ್ಯಾಹ್ನ ಟಿಣ್ ಎಂದಿತು. ಹೊಸ ಅಂಗಿ ತೊಟ್ಟು ನಗುತ್ತಿರುವ ತಂಗಿ. ಕೆಳಗೆ ‘ಸೂಪರ್ ಅಕ್ಕ’. ಯಾವತ್ತಿನಂತೆ ಕೆಂಪು ಹೃದಯ ಒತ್ತಲು ಹೋದ ಸೂಜಿಯಕ್ಕನ ಬೆರಳು ಅಲ್ಲೇ ನಿಂತಿತು. ಇಷ್ಟು ದಿನ ಬರುತ್ತಿದ್ದದ್ದು ಬರೀ ಮುಖದ ಫೋಟೊ. ಇದರಲ್ಲಿ ಅಂಗಿ ಪೂರ್ತಿ ಕಾಣುತ್ತಿತ್ತು. ಭುಜದ ಹೊಲಿಗೆ ಭುಜದ ಮೇಲಿರಲಿಲ್ಲ, ಮೂರು ಬೆರಳು ಕೆಳಗೆ ಜಾರಿತ್ತು. ಸೊಂಟದ ಹತ್ತಿರ ಬಟ್ಟೆ ಅಡ್ಡಕ್ಕೆ ಎಳೆದುಕೊಂಡಿತ್ತು. ಹಿಂದೆ ಪಿನ್ನು ಹಾಕಿ ಬಿಗಿದಿದ್ದಾಳೆ. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ ಅದು.

ಮೊದಲು ಬಂದದ್ದು ಸಿಟ್ಟು. ಮೂವತ್ತು ವರ್ಷದ ಹೊಲಿಗೆ ಎಲ್ಲಿ ತಪ್ಪಿತು ನೋಡೇಬಿಡುತ್ತೇನೆ ಎಂದು ಕೊರಳಿನ ಟೇಪನ್ನೂ ತೆಗೆಯದೆ ಹೊರಟಳು.

ತಂಗಿಯ ಮನೆಯಲ್ಲಿ ಫೋಟೊ ತೆಗೆಯುವ ಗೋಡೆಯೊಂದೇ ಚೊಕ್ಕಟವಾಗಿತ್ತು. ಮಿಕ್ಕಿದ್ದೆಲ್ಲ ತೊಳೆಯದ ಲೋಟ, ಮಡಿಸದ ಬಟ್ಟೆ, ಮುಚ್ಚಿದ ಕಿಟಕಿ. ನೆಟ್ಟಗೆ ನಿಲ್ಲು ಎಂದು ಗದರಿ ಟೇಪು ಸುತ್ತಿದಳು. ನಾಲ್ಕು ಇಂಚು ಕಮ್ಮಿ. ಮತ್ತೆ ಸುತ್ತಿದಳು. ನಾಲ್ಕೇ. ಕೈಗೆ ಪಕ್ಕೆಲುಬು ತಗುಲಿದವು. ಸಿಟ್ಟು ಜರ್ರನೆ ಇಳಿಯಿತು.

“ಯಾವಾಗಿಂದ ಪುಟ್ಟಿ?”

“ಗೊತ್ತಿಲ್ಲ ಅಕ್ಕ. ಊಟ ಸೇರಲ್ಲ, ನಿದ್ದೆ ಬರಲ್ಲ. ಫೋನ್ ತೆಗೆದ್ರೆ ಎಲ್ಲರ ಮನೇಲೂ ನಗು. ನನ್ನೊಬ್ಬಳಿಗೇ ಹಿಂಗೆ ಅಂತ ನಾಚಿಕೆ ಆಗ್ತಿತ್ತು. ಅದಕ್ಕೆ ನಾನೂ ನಗ್ತಾ ಹಾಕ್ತಿದ್ದೆ.”

“ನನಗೊಂದು ಮಾತು ಹೇಳೋಕೆ ಏನಾಗಿತ್ತೇ?”

“ಎಷ್ಟೋ ಸಲ ಬರೆದು ಅಳಿಸಿದೆ. ಅಷ್ಟರಲ್ಲಿ ನಿನ್ನ ಹೃದಯ ಬಂದುಬಿಡ್ತಿತ್ತು. ನಾನು ಚೆನ್ನಾಗಿದೀನಿ ಅಂತ ನಂಬ್ಕೊಂಡಿದಾಳೆ, ಯಾಕೆ ಕೆಡಿಸೋದು ಅನ್ನಿಸ್ತಿತ್ತು.”

ಸೂಜಿಯಕ್ಕ ತಂಗಿಯ ಬೆನ್ನ ಹಿಂದಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಅಂದೇ ಸಂಜೆ ಅವಳನ್ನು ನರ್ಸಮ್ಮನ ಬಳಿಗೆ ಕರೆದೊಯ್ದಳು. ಎರಡು ವಾರಕ್ಕೂ ಮೀರಿ ಊಟ, ನಿದ್ದೆ, ಉತ್ಸಾಹ ತಪ್ಪಿದರೆ ಅದು ಸೋಮಾರಿತನವಲ್ಲ, ಹುಚ್ಚೂ ಅಲ್ಲ, ವಾಸಿಯಾಗುವ ಕಾಯಿಲೆ ಎಂದು ನರ್ಸಮ್ಮ ಬಿಡಿಸಿ ಹೇಳಿ, ವೈದ್ಯರಿಗೆ ತೋರಿಸಿದಳು. ಫೋನ್ ಬಿಡಬೇಕೇ ಎಂದು ತಂಗಿ ಹೆದರಿ ಕೇಳಿದಳು. ಹಡಗಿನಲ್ಲಿರೋ ಗಂಡನ ಜೊತೆ ಮಾತಾಡೋಕೆ ಅದು ಬೇಕೇ ಬೇಕು. ಬಿಡಬೇಕಾದದ್ದು ಕಂಡವರ ನಗುವಿನ ಜೊತೆ ನಿನ್ನ ಬಾಳನ್ನು ತೂಗಿ ನೋಡೋದನ್ನು ಎಂದಳು ನರ್ಸಮ್ಮ.

ಮರುದಿನದಿಂದ ಬೆಂಚಿನ ಮೇಲೆ ಬಟ್ಟೆಯ ಗಂಟಿಲ್ಲ. ತಂಗಿ ಅಲ್ಲಿ ಕೂತು ಗುಂಡಿ ಹಚ್ಚುತ್ತಾಳೆ. ಮಾತು ಕೇಳಿ ಬೀದಿಯವರೂ ಒಬ್ಬೊಬ್ಬರಾಗಿ ಮರಳಿದ್ದಾರೆ, ಅತ್ತೆಯರ ಮೇಲಿನ ದೂರೂ ಮರಳಿದೆ. ಫೋನ್ ಡಬ್ಬದೊಳಗೆ. ಊಟಕ್ಕೆ ಕೂತಾಗ ನಾನೂ ಫೋನ್ ಮುಟ್ಟಲ್ಲ ಎಂದು ಬಸ್ಸಿನವನೂ ಒಪ್ಪಿಕೊಂಡಿದ್ದಾನೆ.

ನೀಲಿ ಅಂಗಿಯನ್ನು ಚಿಕ್ಕದು ಮಾಡಿಕೊಡು ಎಂದಳು ತಂಗಿ.

“ಅಂಗಿ ಸರಿಯಾಗೇ ಇದೆ. ಚಿಕ್ಕದಾಗಿರೋಳು ನೀನು” ಎಂದಳು ಸೂಜಿಯಕ್ಕ. “ನೀನೇ ತುಂಬ್ಕೋ.”

ಈಗ ಪ್ರತಿ ಭಾನುವಾರ ಟೇಪು ಸುತ್ತುತ್ತಾಳೆ. ಇನ್ನು ಎರಡು ಇಂಚು ತುಂಬಬೇಕು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಫೋನ್ ಎಸೆಯಿರಿ ಎಂದು ನಾವು ಹೇಳುವುದಿಲ್ಲ, ಹೇಳಿದರೆ ನೀವು ಎಸೆಯುವವರೂ ಅಲ್ಲ. ಆದರೆ ದಿನಾ ಹೃದಯ ಒತ್ತುವ ಆ ಮುಖದ ಮನೆಗೆ ಈ ವಾರ ಒಮ್ಮೆ ನಡೆದು ಹೋಗಿ. ದೂರವಿದ್ದರೆ ಕರೆ ಮಾಡಿ ದನಿ ಕೇಳಿ. ಊಟ ಮಾಡಿದೆಯಾ, ನಿದ್ದೆ ಬಂತಾ ಎಂದು ಕೇಳಿ, ಉತ್ತರ ಮುಗಿಯುವ ತನಕ ಸುಮ್ಮನಿರಿ. ಕುಗ್ಗಿರುವವರು ನೀವೇ ಆದರೆ ಬರೆದದ್ದನ್ನು ಅಳಿಸಬೇಡಿ, ಕಳಿಸಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ನಿಮ್ಮ ಮನೆಯ ಬೆಂಚಿನ ಮೇಲೆ ಗಂಟು ಕೂತಿದ್ದರೆ ಇವತ್ತೇ ಕೆಳಗಿಡಿ.